ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯ ತಿದ್ದುವುದು: ಕಲಬುರಗಿ ಭಾಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ಪಿಯುಸಿ ಅಥವಾ ಪದವಿಯ ನಂತರ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರು ತರಗತಿಯಲ್ಲಿ ಕೇಳುವ, ತರಗತಿ ಮುಗಿದ ಮೇಲೆ ಹಿಂಜರಿಯುತ್ತಾ ಬಂದು ಕೇಳುವ, ಕೆಲವೊಮ್ಮೆ ಅವರ ತಂದೆತಾಯಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತಂದು ಉತ್ತರಿಸಿದ್ದೇನೆ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಓದುವಾಗ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಆ ವಾಕ್ಯಗಳನ್ನು ನೀವೇ ಇಂಗ್ಲಿಷಿನಲ್ಲಿ ಬರೆದುಕೊಂಡರೆ ಅರ್ಧ ಅಭ್ಯಾಸ ಅಲ್ಲಿಯೇ ಆಗುತ್ತದೆ.

ವಾಕ್ಯದ ತಪ್ಪು ಹುಡುಕುವ ಪ್ರಶ್ನೆಗಳು ಯಾವ ಯಾವ ಪರೀಕ್ಷೆಗಳಲ್ಲಿ ಬರುತ್ತವೆ?

ಮೊದಲು ಇದನ್ನು ಖಚಿತಪಡಿಸಿಕೊಂಡೇ ಮುಂದಿನ ಓದು ಆರಂಭಿಸಬೇಕು, ಏಕೆಂದರೆ ಹಳೆಯ ಪುಸ್ತಕ ನಂಬಿ ತಿಂಗಳುಗಟ್ಟಲೆ ಬೇಡದ್ದನ್ನು ಓದಿದವರನ್ನು ನಾನು ನೋಡಿದ್ದೇನೆ. ಎಂಬಿಎಗೆ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯ 'ಸೆಂಟೆನ್ಸ್ ಕರೆಕ್ಷನ್' ಎಂಬ ಹೆಸರಾಂತ ಭಾಗವು ಈಗ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯು ಆ ಭಾಗವನ್ನು ಕೈಬಿಟ್ಟಿತು ಮತ್ತು ಹಳೆಯ ಮಾದರಿಯು 2024ರ ಜನವರಿಗೆ ಕೊನೆಗೊಂಡಿತು. ಐಐಎಂಗಳಂಥ ಎಂಬಿಎ ಸಂಸ್ಥೆಗಳಿಗೆ ಬರೆಯುವ ಕ್ಯಾಟ್ ಪರೀಕ್ಷೆಯಲ್ಲಿಯೂ ಈಚಿನ ವರ್ಷಗಳಲ್ಲಿ ವ್ಯಾಕರಣವನ್ನು ನೇರವಾಗಿ ಕೇಳುತ್ತಿಲ್ಲ. ಕಾನೂನು ಓದಲು ಬರೆಯುವ ಕ್ಲ್ಯಾಟ್ ಪರೀಕ್ಷೆಯ ಇಂಗ್ಲಿಷ್ ಪೂರ್ತಿಯಾಗಿ ಗದ್ಯಭಾಗವನ್ನು ಆಧರಿಸಿದ್ದು, ಅಲ್ಲಿ ವ್ಯಾಕರಣಕ್ಕಿಂತ ಓದಿ ಅರ್ಥಮಾಡಿಕೊಳ್ಳುವ ಶಕ್ತಿಗೆ ಹೆಚ್ಚು ಬೆಲೆ.

ಇದಕ್ಕೆ ಪ್ರತಿಯಾಗಿ ಅಮೆರಿಕದ ಕಾಲೇಜುಗಳಿಗೆ ಬರೆಯುವ ಸ್ಯಾಟ್‌ನಲ್ಲಿ ಓದು ಮತ್ತು ಬರವಣಿಗೆಯ 54 ಪ್ರಶ್ನೆಗಳ ಪೈಕಿ ಸುಮಾರು ಕಾಲುಭಾಗ ವ್ಯಾಕರಣ ಮತ್ತು ವಿರಾಮಚಿಹ್ನೆಗಳಿಗೆ ಸಂಬಂಧಿಸಿದವು. ಸೇನಾಧಿಕಾರಿಯಾಗಲು ಬರೆಯುವ ಎನ್‌ಡಿಎ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 200 ಅಂಕಗಳಿದ್ದು, ವಾಕ್ಯವನ್ನು ತುಂಡು ಮಾಡಿ ತಪ್ಪು ಎಲ್ಲಿದೆ ಎಂದು ಕೇಳುವ ಹಳೆಯ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಎನ್‌ಮ್ಯಾಟ್, ಸ್ನ್ಯಾಪ್‌ನಂಥ ಎಂಬಿಎ ಪರೀಕ್ಷೆಗಳಲ್ಲಿಯೂ ಇಂಥ ಪ್ರಶ್ನೆಗಳು ಬರುತ್ತವೆ. ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಬಯಸುವವರು ಬರೆಯುವ ಸಿಯುಇಟಿಯ ಇಂಗ್ಲಿಷ್ ಪತ್ರಿಕೆಯು ಸರಿಯಾದ ಪದ ಆರಿಸುವುದನ್ನೂ ಚದುರಿದ ವಾಕ್ಯಭಾಗಗಳನ್ನು ಜೋಡಿಸುವುದನ್ನೂ ಕೇಳುತ್ತದೆ. ವಾಕ್ಯದ ರಚನೆ ತಿಳಿಯದೆ ಇವೆರಡೂ ಆಗುವ ಮಾತಲ್ಲ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ, ಮನೆಯಲ್ಲಿ ಇಂಗ್ಲಿಷ್ ಕಿವಿಗೆ ಬಿದ್ದಿಲ್ಲ. ನನ್ನಿಂದ ಇದು ಆಗುತ್ತದೆಯೇ?

ಆಗುತ್ತದೆ. ಧೈರ್ಯ ತುಂಬುವುದಕ್ಕಾಗಿ ಹೇಳುವ ಮಾತಲ್ಲ ಇದು, ಇದಕ್ಕೆ ಕಾರಣವಿದೆ. ಈ ಪ್ರಶ್ನೆಗಳನ್ನು ತಯಾರಿಸುವವರು ಕಿವಿಯನ್ನು ನಂಬುವವರಿಗೆಂದೇ ಬಲೆ ಹೆಣೆದಿರುತ್ತಾರೆ. ತಪ್ಪು ವಾಕ್ಯವು ಕೇಳಲು ಹಿತವಾಗಿರುವಂತೆಯೂ ಸರಿಯಾದ ವಾಕ್ಯವು ಸ್ವಲ್ಪ ಬಿಗಿಯಾಗಿ ಕೇಳಿಸುವಂತೆಯೂ ಬರೆದಿರುತ್ತಾರೆ. ಹೀಗಾಗಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ನಿಯಮ ಗೊತ್ತಿಲ್ಲದೆ ಅಭ್ಯಾಸಬಲದಿಂದ ಉತ್ತರಿಸುವ ವಿದ್ಯಾರ್ಥಿ ಮುಗ್ಗರಿಸುವ ಕಡೆಯಲ್ಲಿ, ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿ ದಾಟಿಹೋಗುತ್ತಾನೆ.

ಕಳೆದ ವರ್ಷ ಆಳಂದ ಕಡೆಯ ಒಬ್ಬ ವಿದ್ಯಾರ್ಥಿನಿ ಪ್ರತಿಯೊಂದು ವಾಕ್ಯವನ್ನೂ ಮೂರು ಸಲ ಪಿಸುಗುಟ್ಟಿ ಓದಿ, "ಸರ್, ಇದು ಕಿವಿಗಿ ಛಲೋ ಕೇಳಸ್ತದ್ರಿ" ಎಂದು ಗುರುತು ಹಾಕುತ್ತಿದ್ದಳು. ಹತ್ತಕ್ಕೆ ನಾಲ್ಕೋ ಐದೋ ಸರಿಯಾಗುತ್ತಿದ್ದವು. ಒಂದು ದಿನ ಓದುವುದನ್ನು ನಿಲ್ಲಿಸಿ, ಪ್ರತಿ ವಾಕ್ಯದ ಕ್ರಿಯಾಪದದ ಕೆಳಗೆ ಎರಡು ಗೆರೆ, ಕರ್ತೃವಿನ ಕೆಳಗೆ ಒಂದು ಗೆರೆ ಹಾಕಲು ಹೇಳಿದೆ. ಎಂಟನೆಯ ತರಗತಿಯ ಕನ್ನಡ ವ್ಯಾಕರಣದಲ್ಲಿ ಅವಳು ಇದನ್ನು ಚೆನ್ನಾಗಿ ಕಲಿತಿದ್ದಳು. ಆ ವಿದ್ಯೆಯನ್ನು ಇಂಗ್ಲಿಷಿಗೆ ತರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನಮ್ಮ ಮಕ್ಕಳ ತಲೆಯಲ್ಲಿ ಕರ್ತೃ, ಕರ್ಮ, ವಿಭಕ್ತಿ, ಕೃದಂತ ಎಲ್ಲವೂ ಇವೆ. ಕನ್ನಡದ ಪೀರಿಯಡ್ ಬೇರೆ, ಇಂಗ್ಲಿಷ್ ಪೀರಿಯಡ್ ಬೇರೆ ಎಂದು ನಾವೇ ನಡುವೆ ಗೋಡೆ ಕಟ್ಟಿದ್ದೇವೆ ಎಂಬುದು ನನ್ನ ಬಹುದಿನದ ನೋವು.

ಪ್ರಶ್ನೆ ಎದುರಿಗೆ ಬಂದಾಗ ಮೊಟ್ಟಮೊದಲು ಏನು ಮಾಡಬೇಕು?

ಆಪ್ಷನ್‌ಗಳನ್ನು ನೋಡಬಾರದು. ಮೊದಲು ಕ್ರಿಯಾಪದವನ್ನು ಹಿಡಿಯಬೇಕು, ಅದನ್ನು ಮಾಡುತ್ತಿರುವವರು ಯಾರು ಎಂದು ಕೇಳಬೇಕು. ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ: "ದಿ ಪ್ರೈಸ್ ಆಫ್ ದಿ ಪಲ್ಸಸ್ ಸೋಲ್ಡ್ ಇನ್ ದಿ ಮಾರ್ಕೆಟ್ಸ್ ಆಫ್ ಕಲಬುರಗಿ ಹ್ಯಾವ್ ರಿಸನ್ ಸಿನ್ಸ್ ದಿ ಲಾಸ್ಟ್ ಹಾರ್ವೆಸ್ಟ್."

ಇಲ್ಲಿ ಕ್ರಿಯಾಪದದಂತೆ ಕಾಣುವ ಪದಗಳು ಎರಡು, 'ಸೋಲ್ಡ್' ಮತ್ತು 'ಹ್ಯಾವ್ ರಿಸನ್'. 'ಸೋಲ್ಡ್' ಎಂಬುದು ಇಲ್ಲಿ ಪೂರ್ಣ ಕ್ರಿಯಾಪದವಲ್ಲ. 'ಮಾರುವ ಬೇಳೆಕಾಳು' ಎನ್ನುವಾಗ 'ಮಾರುವ' ಎಂಬುದು ಹೇಗೆ ವಿಶೇಷಣದ ಕೆಲಸ ಮಾಡುತ್ತದೆಯೋ ಹಾಗೆ ಅದು 'ಪಲ್ಸಸ್' ಎಂಬ ಪದವನ್ನು ಬಣ್ಣಿಸುತ್ತಿದೆ. ಆದ್ದರಿಂದ ನಿಜವಾದ ಕ್ರಿಯಾಪದ 'ಹ್ಯಾವ್ ರಿಸನ್'. ಏರಿದ್ದು ಏನು? ಮಾರುಕಟ್ಟೆಗಳು ಏರಲಿಲ್ಲ, ಬೇಳೆಕಾಳುಗಳು ಏರಲಿಲ್ಲ, ಬೆಲೆ ಏರಿತು. ಬೆಲೆ ಏಕವಚನ, ಹೀಗಾಗಿ 'ಹ್ಯಾಸ್ ರಿಸನ್' ಆಗಬೇಕು.

ಈಗ ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: "ಕಲಬುರಗಿಯ ಮಾರುಕಟ್ಟೆಗಳಲ್ಲಿ ಮಾರುವ ಬೇಳೆಕಾಳುಗಳ ಬೆಲೆ ಏರಿದೆ." 'ಬೆಲೆ ಏರಿವೆ' ಎಂದು ಮೂರನೆಯ ತರಗತಿಯ ಮಗುವೂ ಹೇಳುವುದಿಲ್ಲ. ಕಾರಣವೇನೆಂದರೆ, ಕನ್ನಡದಲ್ಲಿ ಬಣ್ಣನೆಯೆಲ್ಲ ಮುಂಚೆ ಬಂದು ಮುಖ್ಯ ನಾಮಪದ ಕೊನೆಯಲ್ಲಿ ನಿಲ್ಲುತ್ತದೆ, ಅದರ ಮಗ್ಗುಲಿಗೇ ಕ್ರಿಯಾಪದ ಬರುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲೇ ಬಂದುಬಿಡುತ್ತದೆ, ಬಣ್ಣನೆ ಹಿಂದಿನಿಂದ ಸೇರುತ್ತಾ ಹೋಗುತ್ತದೆ, ಕ್ರಿಯಾಪದದ ಪಕ್ಕದಲ್ಲಿ ಯಾವುದೋ ಬಹುವಚನದ ಪದ ಬಂದು ಕೂತಿರುತ್ತದೆ. ಬಲೆ ಇರುವುದೇ ಅಲ್ಲಿ. ಆದ್ದರಿಂದ ಕರ್ತೃ ಸಿಗದಿದ್ದಾಗ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ. ಕ್ರಿಯಾಪದಕ್ಕೆ ಅಂಟಿಕೊಂಡು ನಿಲ್ಲುವ ನಾಮಪದವೇ ಸಾಮಾನ್ಯವಾಗಿ ನೀವು ಹುಡುಕುವ ಕರ್ತೃ.

'ಈಚ್', 'ಒನ್ ಆಫ್', 'ನೈದರ್' ಬಂದಾಗ ಏಕವಚನವೋ ಬಹುವಚನವೋ ತಿಳಿಯುವುದಿಲ್ಲವಲ್ಲ?

'ಈಚ್ ಆಫ್ ದಿ ಬಾಯ್ಸ್' ಎಂದರೆ 'ಹುಡುಗರಲ್ಲಿ ಪ್ರತಿಯೊಬ್ಬನು'. ಪ್ರತಿಯೊಬ್ಬನು ಬಂದನು ಎನ್ನುತ್ತೇವೆಯೇ ಹೊರತು ಬಂದರು ಎನ್ನುವುದಿಲ್ಲ. ಇಂಗ್ಲಿಷಿನಲ್ಲಿಯೂ ಕ್ರಿಯಾಪದ ಏಕವಚನವೇ. 'ಒನ್ ಆಫ್' ಬಂದಾಗ ಅದರ ಮುಂದಿನ ನಾಮಪದ ಬಹುವಚನದಲ್ಲಿರಬೇಕು, ಕ್ರಿಯಾಪದ ಏಕವಚನದಲ್ಲಿರಬೇಕು: "ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಯಾದಗಿರಿ." ನಮ್ಮ ಭಾಗದಲ್ಲಿ 'ಒನ್ ಆಫ್ ಮೈ ಫ್ರೆಂಡ್' ಎಂಬುದು ಎಷ್ಟು ರೂಢಿಯಾಗಿದೆ ಎಂದರೆ ಅದು ತಪ್ಪೆಂದು ಅನೇಕರಿಗೆ ಕಣ್ಣಿಗೇ ಬೀಳುವುದಿಲ್ಲ.

'ನೈದರ್–ನಾರ್' ಮತ್ತು 'ಐದರ್–ಆರ್' ಬಂದಾಗ ಕ್ರಿಯಾಪದವು ತನಗೆ ಹತ್ತಿರವಿರುವ ಕರ್ತೃವನ್ನು ಅನುಸರಿಸುತ್ತದೆ: "ನೈದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ವರ್ ಪ್ರೆಸೆಂಟ್." 'ಆ್ಯಸ್ ವೆಲ್ ಆ್ಯಸ್', 'ಅಲಾಂಗ್ ವಿತ್', 'ಟುಗೆದರ್ ವಿತ್' ಎಂಬವು ಹೀಗಲ್ಲ, ಇವು ಜೊತೆಗಾರರನ್ನು ಕರೆತರುತ್ತವೆಯೇ ಹೊರತು ಕರ್ತೃವನ್ನು ಬದಲಿಸುವುದಿಲ್ಲ. 'ಅಪ್ಪನು ಮಕ್ಕಳೊಂದಿಗೆ ಬಂದನು' ಎಂಬ ನಮ್ಮ ವಾಕ್ಯದಲ್ಲಿ ಮಕ್ಕಳು ಎಷ್ಟೇ ಜನರಿದ್ದರೂ ಬಂದದ್ದು ಅಪ್ಪನೇ ಎಂಬುದನ್ನು ನೆನೆದರೆ ಈ ನಿಯಮ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಟೆನ್ಸ್‌ನಲ್ಲಿ ನಮ್ಮ ಕಡೆಯವರು ಹೆಚ್ಚಾಗಿ ಎಲ್ಲಿ ತಪ್ಪುತ್ತಾರೆ?

ಎರಡು ಜಾಗಗಳಲ್ಲಿ, ಮತ್ತು ಎರಡಕ್ಕೂ ಮೂಲ ನಮ್ಮ ಕನ್ನಡವೇ. "ಐದು ವರ್ಷದಿಂದ ಯಾದಗಿರಿಯಲ್ಲಿ ಇದ್ದೇನೆ" ಎಂಬುದು ಶುದ್ಧ ಕನ್ನಡ. ಅದನ್ನು ಹಾಗೆಯೇ ಎತ್ತಿಕೊಂಡು "ಐ ಆ್ಯಮ್ ಲಿವಿಂಗ್ ಇನ್ ಯಾದಗಿರಿ ಸಿನ್ಸ್ ಫೈವ್ ಇಯರ್ಸ್" ಎಂದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಾಗುತ್ತವೆ. ಹಿಂದೆ ಆರಂಭವಾಗಿ ಈಗಲೂ ನಡೆದಿರುವುದಕ್ಕೆ 'ಹ್ಯಾವ್ ಬೀನ್ ಲಿವಿಂಗ್' ಬೇಕು. ಕಾಲದ ಉದ್ದವನ್ನು ಹೇಳುವಾಗ 'ಫಾರ್', ಆರಂಭದ ಬಿಂದುವನ್ನು ಹೇಳುವಾಗ 'ಸಿನ್ಸ್'. ಕನ್ನಡದ 'ಇಂದ' ಎಂಬ ಒಂದೇ ಪ್ರತ್ಯಯವು ಎರಡೂ ಕೆಲಸ ಮಾಡುವುದರಿಂದ ನಮಗೆ ಗೊಂದಲವಾಗುತ್ತದೆ. ಎಣಿಸಿ ಹೇಳಿದ ವರ್ಷ, ತಿಂಗಳು, ದಿನ ಇದ್ದರೆ 'ಫಾರ್', ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದ ಗಳಿಗೆ ಇದ್ದರೆ 'ಸಿನ್ಸ್' ಎಂದು ನೋಡಿಕೊಳ್ಳಿ.

ಎರಡನೆಯದು 'ಹ್ಯಾಡ್'. "ನಿನ್ನೆ ಬೀದರಿಗೆ ಹೋಗಿದ್ದೆ" ಎನ್ನುವುದು ನಮಗೆ ಸಹಜವಾದ್ದರಿಂದ "ಐ ಹ್ಯಾಡ್ ಗಾನ್ ಟು ಬೀದರ್ ಯೆಸ್ಟರ್ಡೇ" ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ 'ಹ್ಯಾಡ್ ಗಾನ್' ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮುಂಚೆ ಎಂದು ತೋರಿಸಬೇಕಾದಾಗ. ಒಂದೇ ಸಂಗತಿ ಇದ್ದರೆ 'ಐ ವೆಂಟ್' ಸಾಕು. ಇದೇ ರೀತಿ, ವರ್ಷವನ್ನು ಖಚಿತವಾಗಿ ಹೇಳಿದ ಮೇಲೆ 'ಹ್ಯಾಸ್ ಬೀನ್' ಬರುವುದಿಲ್ಲ. "ಗುಲ್ಬರ್ಗಾ ಯೂನಿವರ್ಸಿಟಿ ಹ್ಯಾಸ್ ಬೀನ್ ಎಸ್ಟಾಬ್ಲಿಷ್ಡ್ ಇನ್ 1980" ಎಂಬುದರಲ್ಲಿ ಇಸವಿ ಸರಿಯಿದೆ, ಕ್ರಿಯಾಪದ ತಪ್ಪಾಗಿದೆ. 'ವಾಸ್ ಎಸ್ಟಾಬ್ಲಿಷ್ಡ್' ಆಗಬೇಕು.

ಪ್ರಿಪೊಸಿಷನ್‌ಗಳನ್ನು ಬಾಯಿಪಾಠ ಮಾಡುವುದೊಂದೇ ದಾರಿಯೇ?

ಬಹುಮಟ್ಟಿಗೆ ಹೌದು, ಆದರೆ ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ನಮ್ಮ ವಿಭಕ್ತಿ ಪ್ರತ್ಯಯವು ಎಲ್ಲಿ ದಾರಿ ತಪ್ಪಿಸುತ್ತದೆಯೋ ಅಷ್ಟನ್ನು ಮಾತ್ರ ಹಿಡಿದರೆ ಪಟ್ಟಿ ಬಹಳ ಚಿಕ್ಕದಾಗುತ್ತದೆ. 'ವಿಷಯದ ಬಗ್ಗೆ ಚರ್ಚಿಸಿದೆವು' ಎಂಬುದರಿಂದ 'ಡಿಸ್ಕಸ್ಡ್ ಅಬೌಟ್' ಹುಟ್ಟುತ್ತದೆ, ಅಲ್ಲಿ 'ಅಬೌಟ್' ಬೇಡ. 'ಊರಿಗೆ ತಲುಪಿದೆ' ಎಂಬುದರಿಂದ 'ರೀಚ್ಡ್ ಟು' ಹುಟ್ಟುತ್ತದೆ, ಅಲ್ಲಿ 'ಟು' ಬೇಡ. 'ಅವಳೊಂದಿಗೆ ಮದುವೆಯಾದ' ಎಂಬುದರಿಂದ 'ಮ್ಯಾರೀಡ್ ವಿತ್' ಬರುತ್ತದೆ, ಅಲ್ಲಿ ಏನೂ ಬೇಡ. 'ಗಿಂತ' ಎಂಬ ನಮ್ಮ ಪದ ಎಲ್ಲ ಹೋಲಿಕೆಗೂ ಸಲ್ಲುವುದರಿಂದ 'ಸೀನಿಯರ್', 'ಜೂನಿಯರ್', 'ಸುಪೀರಿಯರ್', 'ಇನ್ಫೀರಿಯರ್', 'ಪ್ರಿಫರ್' ಎಂಬವುಗಳ ಮುಂದೆಯೂ 'ದ್ಯಾನ್' ಹಾಕಿಬಿಡುತ್ತೇವೆ. ಇವಕ್ಕೆಲ್ಲ 'ಟು' ಬೇಕು.

ನಮ್ಮ ಭಾಗದ ಇನ್ನೊಂದು ವಿಶೇಷವನ್ನು ಇಲ್ಲಿಯೇ ಹೇಳಬೇಕು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ದಖನಿ ಉರ್ದು, ಟಿವಿಯಲ್ಲಿ ಹಿಂದಿ ಕೇಳುತ್ತಾ ಬೆಳೆದ ನಮ್ಮ ಮಕ್ಕಳ ಇಂಗ್ಲಿಷಿನಲ್ಲಿ 'ಆಲ್ದೋ' ಬಂದರೆ ಹಿಂದೆಯೇ 'ಬಟ್' ಬರುತ್ತದೆ. ಇದು ಉರ್ದುವಿನ 'ಅಗರ್ಚೆ–ಲೇಕಿನ್' ಜೋಡಿಯ ನೆರಳು. 'ಮಳೆ ಬಂದರೂ ಹೋದೆವು' ಎಂಬ ಕನ್ನಡ ವಾಕ್ಯದಲ್ಲಿ ಒಂದೇ ಒಂದು ಗುರುತು ಇರುವಂತೆ ಇಂಗ್ಲಿಷಿನಲ್ಲಿಯೂ ಎರಡರಲ್ಲಿ ಒಂದೇ ಇರಬೇಕು.

'ಎ' ಎಲ್ಲಿ, 'ಆ್ಯನ್' ಎಲ್ಲಿ?

ಇದಕ್ಕೆ ಕನ್ನಡ ಲಿಪಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಇಂಗ್ಲಿಷ್ ಕಾಗುಣಿತವನ್ನು ನೋಡದೆ ಆ ಪದವನ್ನು ಕನ್ನಡದಲ್ಲಿ ಬರೆಯಿರಿ. 'ಯೂನಿವರ್ಸಿಟಿ' ವ್ಯಂಜನದಿಂದ ಆರಂಭವಾಯಿತು, ಆದ್ದರಿಂದ 'ಎ'. ಗಂಟೆ ಎಂಬ ಅರ್ಥದ 'ಅವರ್' ಸ್ವರದಿಂದ ಆರಂಭವಾಯಿತು, ಆದ್ದರಿಂದ 'ಆ್ಯನ್'. 'ಎಂಎಲ್‌ಎ' ಸ್ವರದಿಂದ ಆರಂಭವಾದ್ದರಿಂದ 'ಆ್ಯನ್ ಎಂಎಲ್‌ಎ'. ಒಂದು ಎಚ್ಚರಿಕೆ ಮಾತ್ರ ಬೇಕು: 'ಒನ್' ಎಂದು ನಾವು ಬರೆದರೂ ಅದರ ಉಚ್ಚಾರ 'ವನ್', ಹೀಗಾಗಿ 'ಎ ಒನ್-ವೇ ರೋಡ್' ಎಂಬುದೇ ಸರಿ.

'ದಿ' ಎಲ್ಲಿ ಬೇಕು ಎಂಬುದು ಇಷ್ಟು ಸುಲಭವಲ್ಲ, ಏಕೆಂದರೆ ಕನ್ನಡದಲ್ಲಿ ಅಂಥ ಪದವೇ ಇಲ್ಲ. 'ಯಾವ?' ಎಂದು ಕೇಳಿದರೆ ಕೇಳುಗನಿಗೆ ಈಗಾಗಲೇ ಉತ್ತರ ಗೊತ್ತಿದ್ದರೆ 'ದಿ', ಗೊತ್ತಿಲ್ಲದಿದ್ದರೆ 'ಎ' ಎಂಬ ಲೆಕ್ಕ ಹೆಚ್ಚಿನ ಪ್ರಶ್ನೆಗಳಿಗೆ ಸಾಲುತ್ತದೆ. 'ಇನ್ಫರ್ಮೇಷನ್', 'ಅಡ್ವೈಸ್', 'ಫರ್ನಿಚರ್', 'ಲಗೇಜ್' ಎಂಬವಕ್ಕೆ 'ಎ'ಯೂ ಬಾರದು, ಬಹುವಚನವೂ ಬಾರದು.

'ಇಂಗ್'ನಿಂದ ಆರಂಭವಾಗುವ ವಾಕ್ಯಗಳಲ್ಲಿ ತಪ್ಪು ಎಲ್ಲಿರುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಹೇಗೆ ನೋಡಬೇಕು?

ನನಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಸಂಗತಿಯೊಂದನ್ನು ಕನ್ನಡ ಬಲ್ಲವರು ಹುಟ್ಟಿನಿಂದಲೇ ತಿಳಿದಿರುತ್ತಾರೆ.

"ಹ್ಯಾವಿಂಗ್ ಈಟನ್ ಲಂಚ್, ದಿ ಬಸ್ ಲೆಫ್ಟ್ ಫಾರ್ ಬೀದರ್." ಕಿವಿಗೆ ಇದರಲ್ಲಿ ಏನೂ ಕೊರತೆ ಕಾಣುವುದಿಲ್ಲ. ಕನ್ನಡದಲ್ಲಿ ಹೇಳಿ ನೋಡಿ: "ಊಟ ಮಾಡಿ ಬಸ್ಸು ಬೀದರಿಗೆ ಹೊರಟಿತು." ಊಟ ಮಾಡಿದ್ದು ಬಸ್ಸೇ? ತರಗತಿಯಲ್ಲಿ ಇದನ್ನು ಕೇಳಿದಾಗ ಎಲ್ಲರೂ ನಗುತ್ತಾರೆ, ಆ ನಗೆಯಲ್ಲೇ ನಿಯಮ ಅರ್ಥವಾಗಿರುತ್ತದೆ. ಕನ್ನಡದಲ್ಲಿ 'ಮಾಡಿ', 'ಹೋಗಿ', 'ತಿಂದು' ಎಂಬ ರೂಪಗಳ ಕರ್ತೃವೂ ಮುಖ್ಯ ಕ್ರಿಯಾಪದದ ಕರ್ತೃವೂ ಒಬ್ಬರೇ ಆಗಿರಬೇಕು. ಇಂಗ್ಲಿಷಿನಲ್ಲಿಯೂ ವಾಕ್ಯದ ಆರಂಭದ ಇಂಥ ಭಾಗದಲ್ಲಿ ಕೆಲಸ ಮಾಡಿದವರು ಯಾರೋ ಅವರೇ ಅಲ್ಪವಿರಾಮದ ನಂತರ ಕರ್ತೃವಾಗಿ ನಿಲ್ಲಬೇಕು: "ಹ್ಯಾವಿಂಗ್ ಈಟನ್ ಲಂಚ್, ದಿ ಪ್ಯಾಸೆಂಜರ್ಸ್ ಲೆಫ್ಟ್ ಫಾರ್ ಬೀದರ್."

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಗಮನಿಸದಿದ್ದರೆ ಕನ್ನಡವೇ ತಪ್ಪನ್ನು ಮುಚ್ಚಿಬಿಡುತ್ತದೆ. "ವಾಕಿಂಗ್ ಟು ದಿ ಫೋರ್ಟ್, ದಿ ರೇನ್ ಬಿಗ್ಯಾನ್" ಎಂಬುದನ್ನು "ಕೋಟೆಗೆ ನಡೆದು ಹೋಗುವಾಗ ಮಳೆ ಶುರುವಾಯಿತು" ಎಂದು ಅನುವಾದಿಸಿದರೆ ವಾಕ್ಯ ಸರಿಯಾಗಿ ಕೇಳಿಸುತ್ತದೆ, ಏಕೆಂದರೆ 'ಹೋಗುವಾಗ' ಎಂಬ ರೂಪಕ್ಕೆ ಬೇರೆ ಕರ್ತೃ ಇದ್ದರೂ ನಡೆಯುತ್ತದೆ. ಆದ್ದರಿಂದ ಪರೀಕ್ಷಿಸುವಾಗ 'ಉವಾಗ' ಬಳಸಬೇಡಿ, 'ಉತ್ತಾ' ಬಳಸಿ: "ಕೋಟೆಯ ಕಡೆಗೆ ನಡೆಯುತ್ತಾ ಮಳೆ ಶುರುವಾಯಿತು." ಈಗ ನಡೆಯುತ್ತಿರುವುದು ಮಳೆಯೇ ಆಯಿತು, ತಪ್ಪು ಬಯಲಾಯಿತು. ತಿದ್ದಲು ಎರಡು ದಾರಿಗಳಿವೆ. ಕರ್ತೃವನ್ನು ಬದಲಿಸಿ "ವಾಕಿಂಗ್ ಟು ದಿ ಫೋರ್ಟ್, ವಿ ವರ್ ಕಾಟ್ ಇನ್ ದಿ ರೇನ್" ಎನ್ನಬಹುದು. ಇಲ್ಲವೇ ಮೊದಲ ಭಾಗಕ್ಕೆ ಅದರದೇ ಕರ್ತೃವನ್ನು ಕೊಟ್ಟು "ಆ್ಯಸ್ ವಿ ವರ್ ವಾಕಿಂಗ್ ಟು ದಿ ಫೋರ್ಟ್, ದಿ ರೇನ್ ಬಿಗ್ಯಾನ್" ಎನ್ನಬಹುದು. ಆಪ್ಷನ್‌ಗಳಲ್ಲಿ "ದಿ ರೇನ್ ಕಾಟ್ ಅಸ್" ಎಂಬುದೂ ಇರುತ್ತದೆ. 'ಅಸ್' ಎಂಬ ಪದ ಕಂಡು ನಾವು ಬಂದೆವಲ್ಲ ಎಂದು ಅದನ್ನು ಆರಿಸಬಾರದು, ಕರ್ತೃ ಇನ್ನೂ ಮಳೆಯೇ.

ಹೋಲಿಕೆಯ ವಾಕ್ಯಗಳಿಗೂ ಕನ್ನಡ ಹೀಗೆಯೇ ನೆರವಾಗುತ್ತದೆಯೇ?

ಇಲ್ಲ. "ಬೀದರಿನ ಹವೆ ಕಲಬುರಗಿಗಿಂತ ತಂಪು" ಎಂದು ನಾವು ದಿನವೂ ಹೇಳುತ್ತೇವೆ, ಯಾರೂ ತಪ್ಪೆನ್ನುವುದಿಲ್ಲ. ಇಂಗ್ಲಿಷಿನಲ್ಲಿ "ದಿ ಕ್ಲೈಮೇಟ್ ಆಫ್ ಬೀದರ್ ಈಸ್ ಕೂಲರ್ ದ್ಯಾನ್ ಕಲಬುರಗಿ" ಎಂದರೆ ಹವೆಯನ್ನು ಊರಿಗೆ ಹೋಲಿಸಿದಂತಾಯಿತು ಎಂದು ಪರೀಕ್ಷಕರು ಅಂಕ ಕಡಿಯುತ್ತಾರೆ. "ದ್ಯಾನ್ ದಟ್ ಆಫ್ ಕಲಬುರಗಿ" ಆಗಬೇಕು. 'ದ್ಯಾನ್' ಅಥವಾ 'ಲೈಕ್' ಕಂಡ ಕೂಡಲೇ ಎಡಗಡೆ ಏನಿದೆ, ಬಲಗಡೆ ಏನಿದೆ ಎಂದು ನೋಡಿ. ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ಜಾತಿಯ ವಸ್ತು ಇರಬೇಕು. ಪಟ್ಟಿಯಂತೆ ಬರುವ ವಾಕ್ಯಗಳಿಗೂ ಇದೇ ಅನ್ವಯಿಸುತ್ತದೆ. 'ಟು ರೀಡ್, ಟು ರೈಟ್ ಆ್ಯಂಡ್ ಸಿಂಗಿಂಗ್' ಎಂದು ಇದ್ದರೆ ಮೂರನೆಯದು 'ಟು ಸಿಂಗ್' ಆಗಬೇಕು.

ವಿರಾಮಚಿಹ್ನೆಗಳನ್ನು ನಮಗೆ ಯಾರೂ ಕಲಿಸಿಲ್ಲ. ಸ್ಯಾಟ್ ಬರೆಯುವವರು ಏನು ತಿಳಿದಿರಬೇಕು?

ಒಂದು ಮಾತನ್ನು ಗಟ್ಟಿಯಾಗಿ ಹಿಡಿದರೆ ಹೆಚ್ಚಿನವು ಬಗೆಹರಿಯುತ್ತವೆ: ತಮ್ಮಷ್ಟಕ್ಕೆ ತಾವೇ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಜೋಡಿಸುವಂತಿಲ್ಲ. ಕನ್ನಡದಲ್ಲಿ ಹಾಗೆ ಜೋಡಿಸುವುದು ವಾಡಿಕೆ (ಈ ಬರಹದಲ್ಲಿಯೇ ನಾನು ಹಲವು ಕಡೆ ಜೋಡಿಸಿದ್ದೇನೆ), ಆದ್ದರಿಂದಲೇ ಇಂಗ್ಲಿಷಿನಲ್ಲಿ ಅದು ತಪ್ಪೆಂದು ನಮಗೆ ತೋರುವುದಿಲ್ಲ. "ಬಿದ್ರಿವೇರ್ ಈಸ್ ಮೇಡ್ ಫ್ರಮ್ ಆ್ಯನ್ ಅಲಾಯ್ ಆಫ್ ಜಿಂಕ್ ಆ್ಯಂಡ್ ಕಾಪರ್, ದಿ ಅಲಾಯ್ ಈಸ್ ಬ್ಲ್ಯಾಕನ್ಡ್ ವಿತ್ ಸಾಯಿಲ್ ಫ್ರಮ್ ದಿ ಫೋರ್ಟ್." ಬಿದರಿ ಕಲೆಯ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ನಡುವಿನ ಅಲ್ಪವಿರಾಮ ಸಾಲದು. ಅಲ್ಲಿ ಪೂರ್ಣವಿರಾಮ ಇಡಬಹುದು, ಅರ್ಧವಿರಾಮ ಇಡಬಹುದು, ಅಲ್ಪವಿರಾಮದ ಜೊತೆಗೆ 'ಆ್ಯಂಡ್' ಸೇರಿಸಬಹುದು, ಇಲ್ಲವೇ 'ದಿ ಅಲಾಯ್' ತೆಗೆದು 'ವಿಚ್' ಹಾಕಿ ಎರಡನೆಯದನ್ನು ಉಪವಾಕ್ಯ ಮಾಡಬಹುದು.

'ಹವೆವರ್', 'ದೇರ್‌ಫೋರ್' ಎಂಬ ಪದಗಳಿಗೆ ಎರಡು ವಾಕ್ಯಗಳನ್ನು ಕಟ್ಟುವ ಶಕ್ತಿ ಇಲ್ಲ. ಅವು ಬಂದರೂ ಅವುಗಳ ಮುಂಚೆ ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು. ಇನ್ನು, ಆಪ್ಷನ್‌ಗಳಲ್ಲಿ ಒಂದರಲ್ಲಿ ಪೂರ್ಣವಿರಾಮ, ಇನ್ನೊಂದರಲ್ಲಿ ಅರ್ಧವಿರಾಮ ಇದ್ದು, ಉಳಿದೆಲ್ಲವೂ ಒಂದೇ ಆಗಿದ್ದರೆ ಎರಡನ್ನೂ ಬಿಟ್ಟುಬಿಡಬಹುದು. ಎರಡೂ ಒಂದೇ ಕೆಲಸ ಮಾಡುವುದರಿಂದ ಎರಡೂ ಸರಿಯಾಗಲಾರವು, ಪ್ರಶ್ನೆಗೆ ಉತ್ತರ ಒಂದೇ ಇರಬೇಕಲ್ಲ.

'ನೋ ಎರರ್' ಎಂಬ ಆಪ್ಷನ್ ಅನ್ನು ಯಾವಾಗ ಆರಿಸಬೇಕು?

ಕರ್ತೃ ಮತ್ತು ಕ್ರಿಯಾಪದ, ಕಾಲ, ಸರ್ವನಾಮ, ಪ್ರಿಪೊಸಿಷನ್, ಹೋಲಿಕೆ, ಇಷ್ಟನ್ನೂ ನೋಡಿ ಏನೂ ಸಿಗದಿದ್ದರೆ ಧೈರ್ಯವಾಗಿ ಆರಿಸಿ. ತಪ್ಪು ಇರಲೇಬೇಕೆಂದು ಹುಡುಕುತ್ತಾ ಸರಿ ಇರುವುದನ್ನು ಅನುಮಾನಿಸುವುದೂ ಅಂಕ ಕಳೆದುಕೊಳ್ಳುವ ದಾರಿಯೇ.

ನಾವು ದಿನವೂ ಬಳಸುವ ಇಂಗ್ಲಿಷ್ ಪರೀಕ್ಷೆಯಲ್ಲಿ ತಪ್ಪೇಕೆ ಆಗುತ್ತದೆ?

'ಕಸಿನ್ ಬ್ರದರ್', 'ರಿಟರ್ನ್ ಬ್ಯಾಕ್', 'ಮೈಸೆಲ್ಫ್' ಎಂದು ಹೆಸರು ಹೇಳಿಕೊಳ್ಳುವುದು, ಇವೆಲ್ಲ ನಮ್ಮ ಕಚೇರಿಗಳಲ್ಲಿ, ಮದುವೆ ಮನೆಗಳಲ್ಲಿ ಸಲೀಸಾಗಿ ನಡೆಯುತ್ತವೆ, ನಡೆಯಲಿ. ಕಾಕಾನ ಮಗನನ್ನು ಅಣ್ಣ ಎಂದೇ ಕರೆಯುವ ನಮಗೆ ಬರಿಯ 'ಕಸಿನ್' ಎಂಬುದು ಒಣಮಾತಾಗಿ ಕೇಳಿಸುವುದು ಸಹಜ. ಹಾಗೆ ಮಾತನಾಡುವವರನ್ನು ಹೀಯಾಳಿಸುವುದು ನನಗೆ ಸ್ವಲ್ಪವೂ ಸೇರುವುದಿಲ್ಲ. ಆದರೆ ಪರೀಕ್ಷೆ ಕೇಳುವುದು ಅಚ್ಚಿನಲ್ಲಿ ಬರುವ ಶಿಷ್ಟ ರೂಪವನ್ನು. ಉತ್ತರ ಪತ್ರಿಕೆಯಲ್ಲಿ ಅದನ್ನೇ ಕೊಡಬೇಕು.

ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಬೇಕೇ, ಊಹಿಸಬೇಕೇ?

ಇದು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುತ್ತದೆ, ಒಮ್ಮೆ ಲೆಕ್ಕ ಹಾಕಿ ನೋಡಿದರೆ ಭಯ ಹೋಗುತ್ತದೆ. ಎನ್‌ಡಿಎಯ ಇಂಗ್ಲಿಷಿನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ ಅದರ ಮೂರನೆಯ ಒಂದು ಭಾಗ ಕಡಿತ. ಏನೂ ತಿಳಿಯದೆ ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುತ್ತಾ ಹೋದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಪ್ಷನ್ ಅನ್ನು ಖಚಿತವಾಗಿ ತಳ್ಳಿಹಾಕಿದರೂ ಲೆಕ್ಕ ನಿಮ್ಮ ಕಡೆಗೆ ವಾಲುತ್ತದೆ. ಸಿಯುಇಟಿಯಲ್ಲಿ ಸರಿಗೆ 5, ತಪ್ಪಿಗೆ 1 ಕಡಿತವಿರುವುದರಿಂದ ಎರಡನ್ನು ತಳ್ಳಿಹಾಕಿ ಉಳಿದೆರಡರಲ್ಲಿ ಊಹಿಸಿದರೆ ಅಂಥ ಪ್ರತಿ ಪ್ರಶ್ನೆಗೆ ಸರಾಸರಿ 2 ಅಂಕ ದಕ್ಕುತ್ತದೆ. ಎನ್‌ಮ್ಯಾಟ್‌ನಲ್ಲಿ ತಪ್ಪಿಗೆ ಕಡಿತವೇ ಇಲ್ಲ, ಅಲ್ಲಿ ಒಂದನ್ನೂ ಖಾಲಿ ಬಿಡಬಾರದು.

ಸಮಯದ ಲೆಕ್ಕವೂ ಬೇಕು. ಎನ್‌ಮ್ಯಾಟ್‌ನ ಭಾಷೆಯ ಭಾಗದಲ್ಲಿ 28 ನಿಮಿಷಕ್ಕೆ 36 ಪ್ರಶ್ನೆಗಳು, ಅಂದರೆ ಒಂದಕ್ಕೆ ಮುಕ್ಕಾಲು ನಿಮಿಷದ ಆಸುಪಾಸು. ಗದ್ಯಭಾಗ ಓದಲು ಹೆಚ್ಚು ಹೊತ್ತು ಬೇಕಾಗುವುದರಿಂದ ವ್ಯಾಕರಣದ ಪ್ರಶ್ನೆಯನ್ನು ಅರ್ಧ ನಿಮಿಷದಲ್ಲಿ ಮುಗಿಸುವ ರೂಢಿ ಮಾಡಿಕೊಳ್ಳಬೇಕು. ಆರಂಭದ ವಾರಗಳಲ್ಲಿ ಮಾತ್ರ ಗಡಿಯಾರ ನೋಡಬೇಡಿ. ಗೆರೆ ಎಳೆಯುವ ಕೈ ಪಳಗಿದ ಮೇಲೆ ವೇಗ ತಾನಾಗಿ ಬರುತ್ತದೆ.

ಯಾವ ನೋಟ್ಸ್ ಓದಬೇಕು? ದಿನಕ್ಕೆ ಎಷ್ಟು ಹೊತ್ತು?

ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಕೋಚಿಂಗ್ ಕೇಂದ್ರದಲ್ಲಿ ಇನ್ನೂರಕ್ಕೂ ಹೆಚ್ಚು ನಿಯಮಗಳ ಜೆರಾಕ್ಸ್ ಕಟ್ಟು ಕೊಟ್ಟು ಬಾಯಿಪಾಠ ಮಾಡಿಸಿದ್ದರು. ನಿಯಮಗಳು ಬಾಯಿಗೆ ಬಂದವು, ವಾಕ್ಯದಲ್ಲಿ ಯಾವ ನಿಯಮ ಹಚ್ಚಬೇಕು ಎಂಬುದು ತಿಳಿಯಲಿಲ್ಲ. ಆ ಒಂದು ವರ್ಷ ವ್ಯರ್ಥವಾದದ್ದು ನನಗೆ ಇಂದಿಗೂ ಬೇಸರ ತರುತ್ತದೆ, ನನ್ನ ವಿದ್ಯಾರ್ಥಿಗಳಿಗೆ ಹಾಗಾಗಬಾರದು.

ನೂರು ಪುಟದ ಒಂದು ನೋಟ್‌ಬುಕ್ ಸಾಕು. ನೀವು ತಪ್ಪು ಮಾಡಿದ ವಾಕ್ಯಗಳನ್ನು ಮಾತ್ರ ಅದರಲ್ಲಿ ಬರೆಯಿರಿ. ಎಡಪುಟದಲ್ಲಿ ತಪ್ಪು ವಾಕ್ಯ, ಬಲಪುಟದಲ್ಲಿ ತಿದ್ದಿದ ವಾಕ್ಯ, ಅದರ ಕೆಳಗೆ ನಾನು ಏಕೆ ಮೋಸಹೋದೆ ಎಂದು ಒಂದು ಸಾಲು ಕನ್ನಡದಲ್ಲಿ ಬರೆಯಿರಿ. 'ಪಕ್ಕದ ಬಹುವಚನ ನೋಡಿ ಹ್ಯಾವ್ ಎಂದೆ', 'ಹೋಗಿದ್ದೆ ಎಂಬುದನ್ನು ಹ್ಯಾಡ್ ಮಾಡಿದೆ' ಎಂದು ನಿಮ್ಮ ಮಾತಿನಲ್ಲೇ ಇರಲಿ. ದಿನಕ್ಕೆ ಇಪ್ಪತ್ತು ವಾಕ್ಯ, ನಲವತ್ತು ನಿಮಿಷ, ಇದಕ್ಕಿಂತ ಹೆಚ್ಚು ಮಾಡಿದರೆ ಗಮನ ಚದುರುತ್ತದೆ. ಭಾನುವಾರ ಹೊಸದೇನನ್ನೂ ಮಾಡದೆ ಬಲಪುಟವನ್ನು ಮುಚ್ಚಿ ಎಡಪುಟದ ವಾಕ್ಯಗಳನ್ನು ಮತ್ತೆ ತಿದ್ದಿ. ಎರಡನೆಯ ಸಲವೂ ತಪ್ಪಿದ ವಾಕ್ಯಕ್ಕೆ ಕೆಂಪು ಚುಕ್ಕೆ ಇಡಿ. ಒಂದೂವರೆ ತಿಂಗಳಾಗುವ ಹೊತ್ತಿಗೆ ನಿಮ್ಮ ತಪ್ಪುಗಳೆಲ್ಲ ಐದಾರು ಬಗೆಯವೇ ಎಂಬುದು ನಿಮಗೇ ಕಾಣುತ್ತದೆ.

ಪರೀಕ್ಷೆಯ ಹಿಂದಿನ ದಿನ ಏನು ಓದಬೇಕು?

ಆ ನೋಟ್‌ಬುಕ್‌ನ ಕೆಂಪು ಚುಕ್ಕೆಯ ಸಾಲುಗಳನ್ನು ಮಾತ್ರ. ಬೀದರ್, ಯಾದಗಿರಿ ಅಥವಾ ತಾಲ್ಲೂಕು ಊರುಗಳಿಂದ ಪರೀಕ್ಷೆಗೆಂದು ಕಲಬುರಗಿಗೆ ಬರಬೇಕಾದವರು ಬೆಳಗಿನ ಬಸ್ಸನ್ನು ನೆಚ್ಚಿಕೊಳ್ಳದೆ ಹಿಂದಿನ ಸಂಜೆಯೇ ಬಂದು ಉಳಿದುಕೊಳ್ಳುವುದು ಒಳ್ಳೆಯದು. ಪ್ರವೇಶ ಪತ್ರ ಮತ್ತು ಗುರುತಿನ ಚೀಟಿಯನ್ನು ಆ ನೋಟ್‌ಬುಕ್ಕಿನೊಳಗೇ ಇಟ್ಟುಕೊಳ್ಳಿ.